ಜರ್ಮನ್‌ನಲ್ಲಿ ಬೀಗತಿಗೊಂದು ಪ್ರಶ್ನೆ

ನನ್ನ ಅಣ್ಣನ ಮಗ ಅರಕಲಗೂಡಿನಲ್ಲಿ ದನದ ಡಾಕ್ಟರು. ಹಾಸನದ ಕಾಲೇಜಿಗೆ ಓದಲು ಬಂದಿದ್ದ ಜರ್ಮನಿಯ ಹುಡುಗಿಯನ್ನು ಅವನು ಮೆಚ್ಚಿದ, ಅವಳೂ ಇವನನ್ನು ಮೆಚ್ಚಿ ಇಲ್ಲೇ ಉಳಿಯುತ್ತೇನೆಂದಳು. ಅಣ್ಣ, ಅತ್ತಿಗೆ ಹ್ಞೂಂ ಅಂದರು. ಇನ್ನು ಉಳಿದದ್ದು ಬಾಗೂರಿನಲ್ಲಿರುವ ನಮ್ಮವ್ವ. ಅಜ್ಜಿ ಬೇಡ ಅಂದರೆ ಈ ಮದುವೆಯೇ ಇಲ್ಲ ಎಂದು ಹುಡುಗ ಹೇಳಿಬಿಟ್ಟಿದ್ದ.

ಅವ್ವ ಬೇಡ ಅನ್ನಲಿಲ್ಲ. ತನ್ನ ಸೊಸೆಯರನ್ನು ತರುವಾಗ ಕೇಳಿದ್ದನ್ನೇ ಈಗಲೂ ಕೇಳಿದಳು.

“ಅವ್ರ ಜನ ಎಲ್ಲಾ ಎಲ್ಲಿ ಸೇರ್ತಾರೆ? ವರ್ಸಕ್ಕೊಂದ್ ಕಿತನಾದ್ರೂ ಒಂದ್ಕಡೆ ಸೇರ್ದಿರೋ ಮನೆ ಮನೇನೇ ಅಲ್ಲ ಕಣೆ.”

ಮದುವೆಯಾಗುವವರ ಮಾತನ್ನು ನಂಬಬಾರದಂತೆ, ಅವರ ಬಾಯಲ್ಲಿ ಎಲ್ಲವೂ ಬೆಲ್ಲ. ಹೆತ್ತವಳನ್ನೇ ಕೇಳಬೇಕು. ಹೆತ್ತವಳಿಗೋ ಜರ್ಮನ್ ಬಿಟ್ಟು ಬೇರೇನೂ ಬಾರದು. “ನೀನು ಮೇಷ್ಟ್ರಮ್ಮ ಅಲ್ವಾ, ಕಲ್ತ್ಕೊ” ಎಂದು ಅವ್ವ ಆ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದಳು.

ನಾನು ಚನ್ನರಾಯಪಟ್ಟಣದ ಹೈಸ್ಕೂಲೊಂದರಲ್ಲಿ ಹಿಂದಿ ಹೇಳಿಕೊಡುವವಳು. ಹೊಸ ಭಾಷೆ ಎಂದರೆ ನನಗೆ ಹಬ್ಬ. ಫೋನಿನಲ್ಲಿ ಪಾಠ ಕೇಳುತ್ತ ಬಸ್ಸಿನಲ್ಲಿ ಗೊಣಗಿದೆ, ಮನೆಯಲ್ಲಿ ಮುದ್ದೆ ತಿರುವುತ್ತ ಕೂಗಿದೆ: ‘ವೋ ಟ್ರಿಫ್ಟ್ ಜಿಶ್ ಈರೆ ಫಮೀಲಿಯೆ ನೊರ್ಮಾಲರ್ವೈಸೆ?’ ನಿಮ್ಮ ಮನೆಯವರೆಲ್ಲ ಸಾಮಾನ್ಯವಾಗಿ ಎಲ್ಲಿ ಸೇರುತ್ತಾರೆ? ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು, ಇದು ಯಾವ ದೇವರ ಮಂತ್ರ, ನನಗೂ ಬರೆದುಕೊಡಿ ಅಂದಳು. ಬರಬಹುದಾದ ಉತ್ತರಗಳನ್ನೂ ಉರು ಹೊಡೆದೆ. ಮನೆ, ತೋಟ, ಚರ್ಚು, ಹೋಟೆಲು.

ಭಾನುವಾರ ಎಲ್ಲರೂ ಬಾಗೂರಿನ ಜಗಲಿಯಲ್ಲಿ ಸೇರಿದೆವು. ತೆಂಗಿನಕಾಯಿ ರಾಶಿಗೆ ಫೋನು ಒರಗಿಸಿ ವೀಡಿಯೊ ಕಾಲ್ ಮಾಡಿದೆವು. ಹುಡುಗ ಹುಡುಗಿ ಬಾಯಿ ಬಿಡಕೂಡದೆಂದು ಅವ್ವನ ಅಪ್ಪಣೆಯಾಗಿತ್ತು. ಆ ಕಡೆ ನರೆಗೂದಲಿನ ಹೆಂಗಸೊಬ್ಬಳು ನಾಚುತ್ತ ಕೈಮುಗಿದಳು. ನಾನು ಒಂದೇ ಉಸಿರಿಗೆ ಪ್ರಶ್ನೆ ಒಪ್ಪಿಸಿದೆ. ಆಕೆಗೆ ಅರ್ಥವಾಯಿತು! ಎದ್ದು ಕುಣಿಯುವಷ್ಟು ಹಿಗ್ಗಾಯಿತು ನನಗೆ.

ಆಕೆ ಕೊಟ್ಟ ಉತ್ತರದಲ್ಲಿ ಮಾತ್ರ ನಾನು ಕಲಿತ ಒಂದು ಪದವೂ ಇರಲಿಲ್ಲ. ನಿಧಾನ, ನಿಧಾನ ಎಂದೆ. ಆಕೆ ಎದ್ದುಹೋಗಿ ಗೋಡೆಯ ಮೇಲಿದ್ದ ಫೋಟೊ ತಂದು ಹಿಡಿದಳು. ಹೆಸರು ಕೆತ್ತಿದ ಕಲ್ಲು, ಸುತ್ತ ಹೂಗಿಡ, ನೀರಿನ ಡಬ್ಬ ಹಿಡಿದ ದೊಡ್ಡವರು, ಮಕ್ಕಳು. ಕಲ್ಲಿನ ಮೇಲೆ ಬೆರಳಿಟ್ಟು ‘ಮೈನ್ ಮನ್’ ಎಂದಳು. ನನ್ನ ಗಂಡ. ಅಷ್ಟು ನನಗೆ ತಿಳಿಯಿತು. ಅವರೆಲ್ಲ ಸೇರುವುದು ಸಮಾಧಿಯ ಹತ್ತಿರ.

ಮದುವೆ ಮಾತಿನಲ್ಲಿ ಸಮಾಧಿಯೇ! ಹೂಗಿಡ ಇದೆಯಲ್ಲ, ತೋಟ ಎಂದುಬಿಡಲೇ ಅನ್ನಿಸಿತು. ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಅವ್ವ ಫೋನು ಎತ್ತಿಕೊಂಡಳು.

“ಯಾರ್ದೇ ಈ ಗುಡ್ಡೆ?”

“ಹುಡ್ಗಿ ಅಪ್ಪಂದು ಕಣವ್ವ. ಅವ್ರೆಲ್ಲಾ ಸೇರಾದು ಅಲ್ಲೇ ಅಂತೆ.”

ಅವ್ವ ಕಣ್ಣು ಕಿರಿದು ಮಾಡಿ ನೋಡೇ ನೋಡಿದಳು.

“ನೀರ್ ಹಾಕಿ ಹೆಂಗ್ ಗಿಡ ಬೆಳೆಸವ್ರೆ ನೋಡೆ. ನಾವೂ ತ್ವಾಟದಲ್ಲಿ ನಿಮ್ಮಪ್ಪನ ಗುಡ್ಡೆ ತಾವ್ಲೇ ಅಲ್ವಾ ಎಡೆ ಇಕ್ಕಿ ಕೂತು ಉಣ್ಣಾದು? ಸತ್ತೋರ್ನೇ ಬಿಡ್ದೋರು ಇದ್ದೋರ್ನ ಬಿಟ್ಟಾರಾ? ಎಲೆ ಅಡಿಕೆ ತತ್ತಾ.”

ಅಣ್ಣನ ಮಗ ಶಿಳ್ಳೆ ಹೊಡೆದ. ಹುಡುಗಿ ಅತ್ತಿಗೆಯನ್ನು ತಬ್ಬಿಕೊಂಡಳು. ನಾನಂತೂ ಕೂತಲ್ಲೇ ಚಪ್ಪಾಳೆ ತಟ್ಟಿದೆ. ಅವ್ವ ಗದರಿದಳು.

“ಇರ್ರಲಾ ಒಸಿ! ಆ ತಾಯಿಗೆ ಹೇಳೆ, ಗುಡ್ಡೆ ತಾವ ಸೇರಾ ದಿನಕ್ಕೆ ವರ್ಸಾ ವರ್ಸಾ ಅವ್ಳ ಮಗ್ಳನ್ನ ನಾವೇ ಕಳಿಸ್ಕೊಡ್ತೀವಿ ಅಂತ.”

ಇದನ್ನು ನಾನು ಕಲಿತಿರಲಿಲ್ಲ. ಮಗಳು, ಪ್ರತಿ ವರ್ಷ, ಅಪ್ಪ, ಬರುತ್ತಾಳೆ ಎಂದು ಬಾಯಿಗೆ ಬಂದ ಜರ್ಮನ್ ಪದಗಳನ್ನು ಒಂದರ ಹಿಂದೊಂದು ಇಟ್ಟೆ. ಆಕೆ ಫೋಟೊವನ್ನು ಎದೆಗವಚಿಕೊಂಡು ಅಳತೊಡಗಿದಳು. ನಮ್ಮವ್ವ ಸೆರಗಿನ ತುದಿ ಎತ್ತಿ ಫೋನಿನ ಮೇಲೆಯೇ ಆಕೆಯ ಕಣ್ಣೊರೆಸಿದಳು.