ನನ್ನ ಬೀಗರ ಹದಿನೇಳು ಮೀನು

ನನ್ನ ಬೀಗರ ಬಗ್ಗೆ ಬರೆಯೋಕೆ ನನಗಿಂತ ಲಾಯಕ್ಕಾದವರು ಇಲ್ಲ. ಅವರ ಹೆಂಡತಿ ಬರೆದ್ರೆ ಅರ್ಧ ಮರೆತಿರ್ತಾಳೆ, ಮಗ ಬರೆದ್ರೆ ಅರ್ಧ ಮುಚ್ಚಿಡ್ತಾನೆ. ಇಪ್ಪತ್ತೇಳು ವರ್ಷ ಹಲ್ಲು ಮಸೆದವನು ಒಂದು ಚೂರೂ ಮರೆತಿರಲ್ಲ. ನನ್ನ ಮಗಳನ್ನ ಅವರ ಮಗನಿಗೆ ಕೊಟ್ಟಿದ್ದೀನಿ. ಮಕ್ಕಳು ಚೆನ್ನಾಗಿದ್ದಾರೆ. ನಾವು ಚೆನ್ನಾಗಿಲ್ಲ.

ಅವರು ಕನ್ನಡಕ ಮಾಡೋರು. ಬಸ್ ಸ್ಟ್ಯಾಂಡಿನ ಎದುರಿಗೇ ಅಂಗಡಿ. ಇಬ್ಬರು ಒಳಗೆ ನಿಂತ್ರೆ ಮೂರನೆಯವನು ಬೀದೀಲಿ ಕಾಯ್ಬೇಕು, ಅಷ್ಟೇ ಜಾಗ. ಗಾಜು ಉಜ್ಜೋ ಚಕ್ರ, ಅದರ ಸುತ್ತ ಬಿಳೀ ರಾಡಿ, ಆ ರಾಡಿ ಅಂಟಿದ ಬೆರಳಲ್ಲೇ ಟೀ ಲೋಟ. ಅವರ ಸ್ವಂತ ಕನ್ನಡಕ ಎಷ್ಟು ದಪ್ಪ ಅಂದ್ರೆ, ಎದುರಿಗೆ ನಿಂತವನಿಗೆ ಅವರ ಕಣ್ಣು ಎರಡು ಸಾಸಿವೆ ಕಾಳು. ಸೋಡಾಬುಡ್ಡಿ ಅಂತ ಇಡೀ ಬಸ್ ಸ್ಟ್ಯಾಂಡು ಕರೀತಿತ್ತು. ಆ ಹೆಸರಿಟ್ಟವನು ನಾನು, ಅದೇನೂ ಗುಟ್ಟಲ್ಲ. ನಾನು ಅಲ್ಲಿ ಮೂವತ್ತೆರಡು ವರ್ಷ ಟೈಂಕೀಪರ್ ಆಗಿದ್ದೆ. ಒಂದ್ಸಲ ಅವರ ಕನ್ನಡಕಕ್ಕೆ ಬಿಸಿಲು ಬಿದ್ದು ಮೂರು ಬಸ್ಸಿನ ಸೀಟು ಸುಟ್ಟುಹೋಯ್ತು ಅಂತ ಡ್ರೈವರುಗಳಿಗೆ ಹೇಳಿದ್ದೆ. ಬೀಗರು ಚಕ್ರ ನಿಲ್ಲಿಸಿ, ರಸ್ತೆ ದಾಟಿ ಬಂದ್ರು.

"ಮೈನಸ್ ಗಾಜು ಬಿಸಿಲನ್ನ ಚದುರಿಸುತ್ತೆ ಟೈಂಕೀಪರೇ, ಸೇರಿಸಲ್ಲ. ಸುಳ್ಳು ಹೇಳೋಕೂ ಸ್ವಲ್ಪ ವಿದ್ಯೆ ಬೇಕು."

ಅಷ್ಟು ಹೇಳಿ ವಾಪಸ್ ಹೋದ್ರು. ಇಂಥ ಮನುಷ್ಯನನ್ನ ಯಾರು ತಾನೇ ಪ್ರೀತಿಸ್ತಾರೆ?

ಆದ್ರೆ ನಿಜವಾದ ಜಗಳ ಶುರುವಾಗಿದ್ದು ಮಕ್ಕಳ ಮದುವೇಲಿ. ಫೋಟೋದಲ್ಲಿ ಗತ್ತು ಕಾಣ್ಲಿ ಅಂತ ಅವರ ಹತ್ರಾನೇ ಒಂದು ಕನ್ನಡಕ ಮಾಡಿಸ್ಕೊಂಡಿದ್ದೆ. ಹಾಕ್ಕೊಂಡು ವೇದಿಕೆ ಮೇಲೆ ನಿಂತ್ರೆ ನೆಲ ಎಲ್ಲೋ ಪಾತಾಳದಲ್ಲಿತ್ತು. ಇಲ್ಲದ ಮೆಟ್ಟಿಲಿಗೆ ಕಾಲಿಟ್ಟೆ. ಇನ್ನೂರು ಜನರ ಮುಂದೆ, ಐಸ್‌ಕ್ರೀಂ ತಟ್ಟೆಗಳ ಮೇಲೆ, ಅಂಗಾತ. ಎಲ್ಲರೂ ಎತ್ತೋಕೆ ಓಡಿಬಂದ್ರು, ಬೀಗರು ಮೊದಲು ಕನ್ನಡಕ ಎತ್ತಿ "ಗಾಜಿಗೇನೂ ಆಗಿಲ್ಲ" ಅಂದ್ರು. ಅವತ್ತಿನಿಂದ ಅವರ ಗಾಜನ್ನ ನಾನು ಮುಟ್ಟಿಲ್ಲ. ಅದೇನು ಕೊರತೆಯೂ ಅಲ್ಲ, ಎಪ್ಪತ್ತಾರಕ್ಕೂ ಬರಿಗಣ್ಣಲ್ಲಿ ಪೇಪರ್ ಓದ್ತೀನಿ. ಹದ್ದಿನ ಕಣ್ಣು ಅಂತ ಮನೆಯವರೆಲ್ಲ ಹೊಗಳ್ತಾರೆ.

ಇನ್ನು ಮೀನಿನ ವಿಷಯ. ಅವರ ಅಂಗಡಿ ಗೋಡೆ ಮೇಲೆ ಒಂದು ದೊಡ್ಡ ಚಿತ್ರ ಇದೆ. ಸಮುದ್ರದ ತಳ, ಬಣ್ಣಬಣ್ಣದ ಹವಳ, ನಡುವೆ ಮೀನು. ಓದು ಬರದವರು ಕಣ್ಣು ತೋರಿಸೋಕೆ ಬಂದ್ರೆ ಅಕ್ಷರದ ಬೋರ್ಡ್ ಬದಲು ಅದನ್ನ ತೋರಿಸಿ "ಎಷ್ಟು ಮೀನು?" ಅಂತ ಕೇಳ್ತಾರೆ. ಹದಿನೇಳು ಅಂದವನ ಕಣ್ಣು ಸರಿ. ಹನ್ನೆರಡು ಅಂದವನಿಗೆ ಕನ್ನಡಕ. "ಎಲ್ಲಿ ಮೀನು?" ಅಂದವನನ್ನ ಕೈ ಹಿಡಿದು ಕೂರಿಸ್ತಾರೆ.

ಅದರ ಜೊತೆಗೊಂದು ಕಥೆ. ವಯಸ್ಸಲ್ಲಿ ಇವರು ಆ ಜಾಗಕ್ಕೇ ಹೋಗಿದ್ರಂತೆ. ಹಡಗಿನ ಕಪ್ತಾನನ ಕನ್ನಡಕ ನೀರಿಗೆ ಬಿತ್ತಂತೆ. ಇವರು ದುಡುಂ ಅಂತ ಹಾರಿದ್ರಂತೆ. ತಳದಲ್ಲಿ ಒಂದು ಮುದಿ ಮೀನು ಆ ಕನ್ನಡಕ ಹಾಕ್ಕೊಂಡು, ಹವಳದ ಮೇಲೆ ಬರೆದದ್ದನ್ನ ಓದೋ ಹಾಗೆ ಕೂತಿತ್ತಂತೆ. ಇವರು ಚೌಕಾಸಿ ಮಾಡಿ, ಅದರ ಕಣ್ಣಿಗೆ ಸರಿಯಾದ ಇನ್ನೊಂದು ಕಳಿಸಿಕೊಡ್ತೀನಿ ಅಂತ ಮಾತುಕೊಟ್ಟು, ವಾಪಸ್ ತಂದ್ರಂತೆ!

ನಮ್ಮ ಮೊಮ್ಮಗಳು ಈ ಕಥೆ ಕೇಳ್ಕೊಂಡೇ ಬೆಳೆದಳು. ಮೀನಿನ ಕನ್ನಡಕದ ಭಾಗ ಅವಳಿಗೆ ಐದನೇ ವಯಸ್ಸಿಗೇ ಅನುಮಾನ. ಆದ್ರೆ ತಾತ ಸಮುದ್ರಕ್ಕೆ ಇಳಿದಿದ್ರು ಅನ್ನೋದನ್ನ ಮಾತ್ರ ಗಟ್ಟಿಯಾಗಿ ಹಿಡ್ಕೊಂಡಳು. ಅದಕ್ಕೇ ಈಜು ಕಲಿತಳು, ಈಗ ಈಜು ಕಲಿಸೋದೇ ಅವಳ ಕೆಲಸ. ಅವರನ್ನ ತಾತ ಅಂತಾಳೆ, ನನ್ನನ್ನ ಅಜ್ಜ ಅಂತಾಳೆ. ತಾತ ಅನ್ನೋವಾಗ ದನಿ ಒಂದು ಮೆಟ್ಟಿಲು ಮೇಲಿರುತ್ತೆ. ನಾನು ಗಮನಿಸಿದ್ದೀನಿ.

ಆ ಕಥೆ ಪೂರಾ ಬುರುಡೆ. ಹೇಗೆ ಗೊತ್ತು ಅಂದ್ರೆ, ಆ ಚಿತ್ರವನ್ನ ಅಂಗಡಿಗೆ ಹೊತ್ತು ತಂದವನೇ ನಾನು. ಆಗ ನಾನು ಬಸ್ಸಿನಿಂದ ಪಾರ್ಸೆಲ್ ಇಳಿಸ್ತಿದ್ದೆ. ಗಾಜಿನ ಕಂಪನಿಯವರು ರಟ್ಟಿನ ಕೊಳವೇಲಿ ಸುತ್ತಿ ಪುಕ್ಕಟೆ ಕಳಿಸಿದ್ರು. ನನ್ನೆದುರಿಗೇ ಬಿಚ್ಚಿ ಹರಡಿ ಸೋಡಾಬುಡ್ಡಿ ಏನಂದ್ರು ಗೊತ್ತಾ? "ಯಾವ ಊರಿನ ಹೂತೋಟ ಇದು? ಹಕ್ಕಿ ವಿಚಿತ್ರವಾಗಿದಾವಲ್ಲ." ಈ ಮನುಷ್ಯ ಸಮುದ್ರವನ್ನ ಇವತ್ತಿನವರೆಗೂ ಕಂಡಿಲ್ಲ. ಮೊಣಕಾಲಿಗಿಂತ ಮೇಲೆ ನೀರಿಗಿಳಿದಿಲ್ಲ. ನಾನು ಐವತ್ತು ವರ್ಷ ಬಾಯಿಬಿಡದೆ ಇಟ್ಕೊಂಡಿದ್ದೆ, ಒಂದು ದಿನ ಕೆಲಸಕ್ಕೆ ಬರುತ್ತೆ ಅಂತ.

ಬಂತು. ಕಳೆದ ತಿಂಗಳು ಮೊಮ್ಮಗಳು ನಮ್ಮ ಹಜಾರದ ಮೇಜಿನ ಮೇಲೆ ನಕ್ಷೆ, ಕಾಗದ, ಪೆನ್ನು ಎಲ್ಲಾ ಹರಡಿ, ಎರಡೂ ಕಡೆ ಮುದುಕರನ್ನ ಕೂರಿಸಿದಳು. ಬೆಚ್ಚಗಿನ ಸಮುದ್ರ, ಹವಳದ ದಿಬ್ಬ, ಐದು ದಿನ, ನಾವು ಮೂರೇ ಜನ. ಮುಖಕ್ಕೆ ಮಾಸ್ಕ್, ಬಾಯಿಗೆ ಉಸಿರಿನ ಕೊಳವೆ, ನೀರಿನ ಮೇಲೆ ಬೋರಲು ಮಲಗಿ ಕೆಳಗೆ ನೋಡೋದು. ಸ್ನಾರ್ಕೆಲಿಂಗ್ ಅಂತಾರೆ.

"ಬೆಳಗ್ಗೆ ಆರೂವರೆ ದೋಣಿ. ಗಾಳಿ ಏಳೋಕೆ ಮುಂಚೆ ನೀರು ತಟ್ಟೆ ಹಾಗಿರುತ್ತೆ" ಅಂದೆ. ವೇಳಾಪಟ್ಟಿ ನನ್ನ ಇಲಾಖೆ.

"ಸೂರ್ಯ ನೆತ್ತಿಗೆ ಬರದೆ ನೀರೊಳಗೆ ಬಣ್ಣ ಕಾಣಲ್ಲ" ಅಂದ್ರು ಬೀಗರು. "ಮಧ್ಯಾಹ್ನದ ದೋಣಿ."

"ಹೋಗಿ ಬಂದೋರು ನೀವು. ಅವತ್ತು ಹಾರಿದಾಗ ಎಷ್ಟು ಗಂಟೆ ಆಗಿತ್ತು?"

"ವಾಚು ನೀರಿಗೆ ಬಿದ್ದಿತ್ತು."

"ವಾಚೂ ಬಿತ್ತಾ? ಇಷ್ಟು ವರ್ಷ ಬರೀ ಕನ್ನಡಕ ಅಂತಿದ್ರಿ."

ಒಳಗಿಂದ ನನ್ನಾಕೆ, "ಆ ಮೀನಿಗೆ ಆಫೀಸಿಗೆ ಹೊತ್ತಾಗಿರಬೇಕು, ವಾಚೂ ಕಟ್ಕೊಂಡಿದೆ" ಅಂದಳು. ಬೀಗರು ಟೀ ಲೋಟ ಕೆಳಗಿಟ್ರು. ಕುಡೀಲಿಲ್ಲ.

ಮೊಮ್ಮಗಳು ಫಾರಂ ತುಂಬಿಸ್ತಿದ್ದಳು. ಹೊಸಬರಿಗೆ ದಡದ ಹತ್ರ, ಎದೆಮಟ್ಟದ ನೀರು. ಅನುಭವ ಇದ್ದವರಿಗೆ ದಿಬ್ಬದ ಆಚೆ ಅಂಚು, ಅಲ್ಲಿ ತಳ ಒಮ್ಮೆಲೇ ಕಡಿದು ಬೀಳುತ್ತೆ. ಅವಳು ತನ್ನ ಹೆಸರಿನ ಕೆಳಗೆ ತಾತನ ಹೆಸರು ಬರೆದು 'ಅನುಭವ ಇದೆ' ಅಂತ ಗುರುತು ಹಾಕಿದಳು.

"ತಾತ, ಆ ಮುದಿ ಮೀನು ಕೂತಿತ್ತಲ್ಲ, ಆ ಜಾಗ ನೀವೇ ತೋರಿಸ್ಬೇಕು. ಇದಕ್ಕಾಗಿ ಇಪ್ಪತ್ತು ವರ್ಷದಿಂದ ಕಾದಿದ್ದೀನಿ."

ಬೀಗರು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದ್ರು. ಆಮೇಲೆ ಸಹಿ ಹಾಕಿದ್ರು. ನನಗೆ ಹಾಲು ಕುಡಿದಷ್ಟು ಸಂತೋಷ. ಅಷ್ಟರಲ್ಲಿ ಅವಳು ನನ್ನ ಕಡೆ ತಿರುಗಿ, "ಅಜ್ಜ, ನೀವು ದೋಣೀಲಿ ನಿಂತು ನಮ್ಮ ಮೇಲೆ ಕಣ್ಣಿಡ್ಬೇಕು. ತಾತ ಕೈ ಎತ್ತಿದ್ರೆ ಸೀಟಿ. ಹದ್ದಿನ ಕಣ್ಣು ಇರೋದು ಇನ್ಯಾವತ್ತಿಗೆ?" ಅಂದಳು.

ಈಗ ಬೀಗರು ನನ್ನನ್ನ ನೋಡಿ ನಕ್ಕರು. ಸಾಸಿವೆ ಕಾಳು ಎರಡೂ ಮಿಂಚಿದವು.

ಯಾಕೆ ನಕ್ಕರು ಅಂತ ಹೇಳಿಬಿಡ್ತೀನಿ, ಇನ್ನು ಮುಚ್ಚಿಟ್ಟು ಏನು ಬಂತು. ಟೈಂಕೀಪರ್ ಕೆಲಸಕ್ಕೆ ಕಣ್ಣಿನ ಸರ್ಟಿಫಿಕೇಟ್ ಬೇಕಿತ್ತು. ಕೊಡೋದು ಅದೇ ಅಂಗಡಿ. ಓದು ಬರೋ ನನಗೂ ಅಕ್ಷರದ ಬೋರ್ಡ್ ಬಿಟ್ಟು ಆ ಚಿತ್ರವನ್ನೇ ತೋರಿಸಿ "ಎಷ್ಟು ಮೀನು?" ಅಂದ್ರು. ನನಗೆ ಕಂಡಿದ್ದು ನೀಲಿ ಬಣ್ಣ ಕಲೆಸಿದ ಗೋಡೆ. ಆದ್ರೆ ನನಗಿಂತ ಮುಂಚೆ ಹೋದವನು ಕೂಗಿದ್ದು ಬೀದಿಗೆ ಕೇಳಿಸಿತ್ತು. "ಹದಿನೇಳು" ಅಂದೆ ನಾನೂ. ಅವರು ಬಿಡಲಿಲ್ಲ, "ಎಡಗಡೆ ಮುಖ ಮಾಡಿದ್ದು ಎಷ್ಟು?" ಅಂದ್ರು. "ಅವು ಓಡಾಡ್ತಿವೆ, ಲೆಕ್ಕ ಸಿಗ್ತಿಲ್ಲ" ಅಂದೆ. ಅವರು ಬಿದ್ದು ಬಿದ್ದು ನಕ್ಕು ಸಹಿ ಹಾಕಿದ್ರು. ಮೂವತ್ತೆರಡು ವರ್ಷ ನಾನು ಬಸ್ಸುಗಳನ್ನ ಗುರುತು ಹಿಡಿದಿದ್ದು ಸದ್ದಿನ ಮೇಲೆ. ಹತ್ತು ಹೆಜ್ಜೆ ಆಚೆ ನಿಂತವನು ನನ್ನ ತಮ್ಮನೋ ಲೈಟ್ ಕಂಬವೋ ತಿಳಿಯಲ್ಲ. ಪೇಪರ್ ಓದ್ತೀನಿ ನಿಜ. ದೂರ ಕಾಣದ ಕಣ್ಣಿಗೆ ಮುಪ್ಪಲ್ಲಿ ಹತ್ತಿರದ್ದು ಚೆನ್ನಾಗಿ ಕಾಣುತ್ತಂತೆ, ಅದನ್ನೂ ಅವರೇ ಹೇಳಿದ್ದು.

ಅಂದ್ರೆ ಲೆಕ್ಕ ಹಾಕಿ. ಈಜು ಬರದವನು ನಡುನೀರಲ್ಲಿ, ಕಣ್ಣು ಕಾಣದವನು ಕಾವಲಿಗೆ.

ಮಾರನೇ ದಿನ ಅಂಗಡಿಗೆ ಹೋದೆ. ಮಾಸ್ಕಿನ ಗಾಜಿಗೆ ತಮ್ಮ ನಂಬರಿನ ಎರಡು ಗಾಜು ಅಂಟಿಸ್ತಿದ್ರು. ಬರಿಗಣ್ಣಲ್ಲಿ ಅವರಿಗೆ ಸ್ವಂತ ಕೈಯೂ ಕಾಣಲ್ಲ, ಮೀನು ದೂರದ ಮಾತು.

"ಒಳಗಡೆ ಯಾಕೆ ಅಂಟಿಸ್ತೀರಿ?"

"ಹೊರಗೆ ಅಂಟಿಸಿ ನೀರು ತಾಗಿದ್ರೆ ಗಾಜಿನ ಪವರ್ ಸತ್ತುಹೋಗುತ್ತೆ. ನಿಮಗೆ ತಿಳಿಯಲ್ಲ, ಬಿಡಿ."

"ಅವಳಿಗೆ ನಿಜ ಹೇಳಿ ಬೀಗರೇ. ಅಲ್ಲಿ ಕೆಳಗೆ ತಳ ಇರಲ್ಲ."

ಅವರು ಅಂಟಿನೊಳಗೆ ಸಿಕ್ಕ ಗುಳ್ಳೆಯನ್ನ ಬೆರಳಲ್ಲಿ ಒತ್ತಿ ಒತ್ತಿ ಅಂಚಿಗೆ ತಂದ್ರು. "ಹೇಳಿದ್ರೆ ಅವಳು ನನ್ನ ಮುಖ ನೋಡ್ತಾಳಾ?"

"ಹಾಗಾದ್ರೆ ನಾನೇ ಹೇಳ್ತೀನಿ."

"ಹೇಳಿ. ಸರ್ಟಿಫಿಕೇಟ್ ಕಥೆ ನಾನು ಹೇಳ್ತೀನಿ. ನಿಮಗಿಂತ ಚೆನ್ನಾಗಿ ಹೇಳ್ತೀನಿ."

ನಾನು ಬಾಯಿ ಮುಚ್ಕೊಂಡು ಬಂದೆ. ಅವರ ಮೇಲಿನ ಕರುಣೆಗಲ್ಲ. ಅವಳ ಎದುರು ಇಬ್ಬರಲ್ಲಿ ಮೊದಲು ಸಣ್ಣವನಾಗೋದು ನಾನಾಗಬಾರದು, ಅಷ್ಟೇ.

ಭಾನುವಾರ ಬೆಳಗ್ಗೆ ಅವಳ ಈಜುಕೊಳದಲ್ಲಿ ತಾಲೀಮು. ಔಷಧಿ ವಾಸನೆ, ಮಾತಾಡಿದ್ದೆಲ್ಲ ಎರಡೆರಡು ಸಲ ಕೇಳಿಸೋ ಗೋಡೆ, ಒಂದು ಮೂಲೆಯಲ್ಲಿ ಹೆಂಗಸರ ತರಗತಿ. ಬೀಗರು ಮಾಸ್ಕ್ ಹಾಕ್ಕೊಂಡು, ಸೊಂಟಮಟ್ಟದ ನೀರಲ್ಲಿ ಸರಳು ಹಿಡ್ಕೊಂಡು ಮುಖ ಮುಳುಗಿಸಿದ್ರು. ಕೊಳವೆಯಿಂದ ಹುಸ್ ಹುಸ್ ಅಂತ ಉಸಿರು. ಚೆನ್ನಾಗೇ ಮಾಡ್ತಿದ್ರು, ನನಗೆ ಹೊಟ್ಟೆ ಉರೀತು.

"ಸಾಕು ತಾತ, ಆ ತುದಿಗೆ ಹೋಗಿ. ಅಲ್ಲಿಂದ ಕೈ ಎತ್ತಿ, ಅಜ್ಜ ಸೀಟಿ ಊದ್ತಾರೆ" ಅಂತ ಹೇಳಿ ಅವಳು ತರಗತಿ ಕಡೆ ತಿರುಗಿದಳು.

ಬೀಗರು ಸರಳು ಹಿಡ್ಕೊಂಡೇ ಹೋದ್ರು. ಆ ತುದಿ ಆಳ. ನನಗೆ ಅಲ್ಲಿ ಒಂದು ಕಪ್ಪು ಚುಕ್ಕೆ, ಅದೂ ಅನುಮಾನ. ಸೀಟಿ ಬಾಯಲ್ಲಿಟ್ಟು ಗತ್ತಿನಿಂದ ನಿಂತೆ. ಕೈ ಎತ್ತಿದ್ರೋ ಇಲ್ವೋ, ದೇವರಾಣೆ ಕಾಣಲಿಲ್ಲ. ಆದ್ರೆ ಕೇಳಿಸ್ತು. ಹುಸ್ ಹುಸ್ ನಿಂತು ಗಳ್ ಅಂತು. ರೇಡಿಯೇಟರಿಗೆ ಗಾಳಿ ಹೊಕ್ಕಾಗ ಬರೋ ಸದ್ದು, ನೂರು ಬಸ್ಸಿನಲ್ಲಿ ಕೇಳಿದ್ದೀನಿ. ಆಮೇಲೆ ಕೊಳವೆ ಸದ್ದೇ ಇಲ್ಲ.

ಊದಿದೆ. ಹೆಂಗಸರೆಲ್ಲ ಕಿವಿ ಮುಚ್ಕೊಳ್ಳೋ ಹಾಗೆ ಊದಿದೆ. ಅವಳು ಹಾರಿದಳು. ಕಂಕುಳಿಗೆ ಕೈ ಹಾಕಿ ದಡಕ್ಕೆ ತಂದು ನನ್ನ ಕಾಲ ಬುಡದಲ್ಲೇ ಕೂರಿಸಿದಳು. ಬೀಗರು ಒಂದು ತಂಬಿಗೆ ನೀರು ಕಾರಿ, ಉಸಿರು ಸಿಕ್ಕ ತಕ್ಷಣ ನನ್ನ ಕಡೆ ಬೆರಳು ಮಾಡಿದ್ರು.

"ಕೈ ಎತ್ತಿದ್ದೆ! ಮೂರು ಸಲ ಎತ್ತಿದ್ದೆ! ನಿನಗೆ ಕಾಣ್ಲಿಲ್ಲ ಕುರುಡ!"

ಇಪ್ಪತ್ತೇಳು ವರ್ಷ ಬೈದಾಡಿದ್ರೂ 'ನೀವು' ಬಿಟ್ಟಿರಲಿಲ್ಲ. ಅವತ್ತು ಅದೂ ಹೋಯ್ತು.

"ಈಜಬೇಕಿತ್ತು ನೀನು! ಕಪ್ತಾನನ ಕನ್ನಡಕಕ್ಕೆ ಹಾರಿದವನಲ್ವಾ? ಸಮುದ್ರ ನೋಡಿ ಹೂತೋಟ ಅಂದವನು!"

"ಮೀನು ಓಡಾಡ್ತಿವೆ ಅಂದವನು ನೀನು!"

ಗೋಡೆ ಒಂದೊಂದನ್ನೂ ಎರಡೆರಡು ಸಲ ಹೇಳಿತು. ಪಾರ್ಸೆಲ್, ಸರ್ಟಿಫಿಕೇಟ್, ಹೂತೋಟ, ಒಂದೂ ಉಳೀಲಿಲ್ಲ. ಮೊಮ್ಮಗಳು ಒದ್ದೆ ಕೂದಲಲ್ಲಿ ನಿಂತು ಕೇಳಿದಳು. ಅವಳು ಕೂಗಿದ್ರೆ ಚೆನ್ನಾಗಿತ್ತು.

"ತಾತ, ನಿಮ್ಮನ್ನ ಆ ಅಂಚಿಗೆ ಕರ್ಕೊಂಡು ಹೋಗಿ ಬಿಡ್ತಿದ್ದೆ ನಾನು" ಅಂದಳು. "ಅಜ್ಜ ಮೇಲೆ ನಿಂತು ನೋಡ್ತಿದ್ರು. ಇಬ್ಬರಿಗೂ ಗೊತ್ತಿತ್ತು."

ಬೀಗರು ಮಾಸ್ಕ್ ತೆಗೆದು ಮಡಿಲಲ್ಲಿಟ್ಕೊಂಡ್ರು. ಕನ್ನಡಕ ಇಲ್ಲದ ಅವರ ಕಣ್ಣನ್ನ ನಾನು ಅವತ್ತೇ ಮೊದಲು ನೋಡಿದ್ದು. ಸಾಧಾರಣ ಗಾತ್ರದ ಕಣ್ಣು.

"ಆ ಕಥೆ ಹೇಳಿದಾಗ ನೀನು ಊಟ ಮಾಡ್ತಿದ್ದೆ" ಅಂದ್ರು ಅವಳಿಗೆ. "ಇಲ್ಲಾಂದ್ರೆ ಮಾಡ್ತಿರಲಿಲ್ಲ."

ಅವಳು ಮೆತ್ತಗಾಗಲಿಲ್ಲ. ಚೀಲದಿಂದ ಫಾರಂ ತೆಗೆದು 'ಅನುಭವ ಇದೆ' ಅನ್ನೋದನ್ನ ಕಾಗದ ಹರಿಯೋ ಹಾಗೆ ಹೊಡೆದುಹಾಕಿದಳು. ಅದರ ಕೆಳಗೆ ನನ್ನ ಹೆಸರೂ ಸೇರಿಸಿದಳು. ಹೊಸಬರು, ಇಬ್ಬರು. "ಎದೆಮಟ್ಟದ ನೀರು. ಇಬ್ಬರಿಗೂ ಒಂದೇ ತೇಲೋ ರಿಂಗು, ಅದನ್ನ ಬಿಟ್ರೆ ದೋಣಿ ವಾಪಸ್. ಅಲ್ಲಿ ಎಷ್ಟು ಮೀನು ಕಾಣುತ್ತೋ ಅಷ್ಟೇ ಹೇಳ್ಬೇಕು. ಮೂರು ಕಂಡ್ರೆ ಮೂರು. ನಾಳೆಯಿಂದ ಬೆಳಗ್ಗೆ ಆರಕ್ಕೆ ಇಲ್ಲಿರಿ." ಆಮೇಲೆ ಹೆಂಗಸರ ಕಡೆ ಹೋದಳು. ಆ ವಾರ ನಮ್ಮಿಬ್ಬರ ಹತ್ರ 'ಉಸಿರು ಬಿಡಿ, ಎಳೀರಿ' ಬಿಟ್ಟು ಬೇರೆ ಮಾತಾಡಲಿಲ್ಲ. ತಾತ ಅನ್ನೋ ದನಿ ಈಗ ಅಜ್ಜನಷ್ಟೇ ಎತ್ತರಕ್ಕಿದೆ. ಅದರಿಂದ ನನಗೆ ಖುಷಿಯಾಗಬೇಕಿತ್ತು.

ಸೋಮವಾರ ಆರಕ್ಕೆ ಬೀಗರು ಪೇಪರಲ್ಲಿ ಸುತ್ತಿದ ಒಂದು ಪೊಟ್ಟಣ ನನ್ನ ಕಡೆ ಎಸೆದ್ರು. ಇನ್ನೊಂದು ಮಾಸ್ಕ್, ಒಳಗೆ ಗಾಜು ಅಂಟಿಸಿದ್ದು. ನನ್ನ ನಂಬರು ಮದುವೆ ಕನ್ನಡಕದ ಕಾಲದಿಂದ ಅವರ ತಲೇಲಿತ್ತಂತೆ, ಈಗಿನ ಲೆಕ್ಕಕ್ಕೆ ಸ್ವಲ್ಪ ಬದಲಾಯಿಸಿದ್ದಾರಂತೆ.

"ನಿಮ್ಮ ಮೇಲಿನ ಪ್ರೀತಿಗಲ್ಲ" ಅಂದ್ರು. 'ನೀವು' ವಾಪಸ್ ಬಂದಿತ್ತು. "ರಿಂಗಿನ ಆ ಕಡೆ ಕುರುಡನಿದ್ರೆ ನನ್ನ ಪ್ರಾಣಕ್ಕೆ ಕುತ್ತು."

"ನನಗೂ ಅಷ್ಟೇ. ರಿಂಗಿನ ನಿಮ್ಮ ಕಡೆ ಕಲ್ಲುಗುಂಡು ಕಟ್ಟಿದ ಹಾಗಿದೆ."

ಹಾಕ್ಕೊಂಡೆ. ಎದುರು ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಕಾಣ್ತು. ಆ ತುದೀಲಿ ನಿಂತಿದ್ದ ಮೊಮ್ಮಗಳ ಮುಖವೂ ಕಾಣ್ತು. ಅವಳು ನಗ್ತಿರಲಿಲ್ಲ. ಬೀಗರು ಆಗಲೇ ಕೆಳಗಿಳಿದು, ರಿಂಗಿನ ಅರ್ಧ ಹಿಡ್ಕೊಂಡು ಕಾಯ್ತಿದ್ರು. "ಬನ್ನಿ, ಮೂರು ಮೆಟ್ಟಿಲು" ಅಂದ್ರು.

ನಾನು ಅವರ ಮಾತು ನಂಬಲಿಲ್ಲ. ಸರಳು ಹಿಡ್ಕೊಂಡು ಒಂದೊಂದನ್ನೂ ಕಾಲಲ್ಲಿ ತಡವಿ ನೋಡೇ ಇಳಿದೆ. ಮೂರೇ ಇತ್ತು.