ಗಿರಿಜೆಯ ಹದ್ದು

ನಿನ್ನೆ ನಮ್ಮ ಹೋಟೆಲಿನ ಬಿಲ್ಲಿಂಗ್ ಯಂತ್ರ ಕೆಟ್ಟಿತ್ತು. ರಿಪೇರಿಯವನು ಗಲ್ಲಾದ ಪಕ್ಕದಲ್ಲೇ ಕುಳಿತು ಬೆಸುಗೆ ಹಾಕತೊಡಗಿದಾಗ ಸಾಂಬಾರಿನ ಘಮದ ನಡುವೆ ಕರಗಿದ ಸೀಸದ, ಸುಟ್ಟ ರಾಳದ ವಾಸನೆ ಎದ್ದಿತು. ಗಿರಾಕಿಗಳು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ. ನಿಮಗೆ ವಿಚಿತ್ರವೆನಿಸಬಹುದು, ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿಯ ದುಪಟ್ಟಾದಿಂದ ಬರುತ್ತಿದ್ದದ್ದು ಇದೇ ವಾಸನೆ.

ಗಿರಿಜೆ ಧಾರವಾಡದವಳು, ಇಂಜಿನಿಯರು. ನಾನು ಕುಂದಾಪುರದ ಕಡೆಯವನು, ಪಿಯುಸಿಯಲ್ಲಿ ಗಣಿತ ಕೈಕೊಟ್ಟ ಮೇಲೆ ಪುಣೆಗೆ ಬಂದು ಸೋದರಮಾವನ ಹೋಟೆಲು ಸೇರಿದವನು. ತೊಂಬತ್ತರ ದಶಕದ ಕೊನೆಯಲ್ಲಿ ಅವಳು ದಿನಾ ನಮ್ಮಲ್ಲಿ ಇಡ್ಲಿ ತಿಂದು ಕೆಲಸಕ್ಕೆ ಹೋಗುತ್ತಿದ್ದಳು. "ನಿಮ್ಮ ಚಟ್ನಿಗೆ ಖಾರನೇ ಇಲ್ಲಲ್ರೀ" ಎಂದು ಒಂದು ದಿನ ಜಗಳ ತೆಗೆದವಳು ಎರಡು ವರ್ಷದಲ್ಲಿ ನಮ್ಮ ಮನೆಗೇ ಬಂದಳು. ಚಟ್ನಿಯ ವಿಷಯದಲ್ಲಿ ಯಾರು ಗೆದ್ದರೆಂದು ಹೇಳಬೇಕಾಗಿಲ್ಲ.

ಅವಳದು ರೇಡಾರಿನ ಕೆಲಸ. ವಿಮಾನ ಇಳಿಯುವ ದಾರಿಯಲ್ಲಿ ಹಾರುವ ಹಕ್ಕಿಗಳನ್ನು ಮೊದಲೇ ಪತ್ತೆ ಹಚ್ಚುವ ರೇಡಾರು. ನಾನು ಅದನ್ನು 'ಹಕ್ಕಿ ಎಣಿಸುವ ಮಿಷನ್' ಎಂದು ಗಿರಾಕಿಗಳಿಗೆಲ್ಲ ವರ್ಣಿಸಿ, ಅವರು ಎರಡನೆಯ ಪ್ರಶ್ನೆ ಕೇಳಿದರೆ ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಒಂದು ಭಾನುವಾರ ಅವಳ ತಟ್ಟೆಯಲ್ಲಿ ಅನ್ನ ಹಾಗೇ ತಣ್ಣಗಾಗುತ್ತಿತ್ತು.

"ಎಂಥದು ಮಾರಾಯ್ತಿ, ಸಾರು ಸರಿ ಆಗ್ಲಿಲ್ವಾ?"

"ಸಾರು ಛಲೋ ಅದ ರೀ. ಆ್ಯಂಟೆನಾ ಕಾಡ್ಲಿಕ್ಕತ್ತದ" ಎಂದಳು. "ಲಗೂನ ತಿರುಗಿಸಿದ್ರ ಸುದ್ದಿ ಲಗೂನ ಬರ್ತದ. ಆದ್ರ ಹಕ್ಕಿ ಅಂದ್ರ ಎಷ್ಟರದು? ಅದರಿಂದ ತಿರುಗಿ ಬರೋ ಅಲೆ ಭಾಳ ಸಣ್ಣದು, ಅವಸರದಾಗ ಕಾಣೂದೇ ಇಲ್ಲ. ಸಾವಕಾಶ ತಿರುಗಿಸಿದ್ರ ಕಾಣ್ತದ, ಅಷ್ಟರಾಗ ಹಕ್ಕಿ ಎಲ್ಲೋ ಹೋಗಿರ್ತದ."

"ಹಾಗಾದ್ರೆ ಎರಡರ ನಡುವೆ ಎಲ್ಲಾದ್ರೂ ಇಡು."

"ನಡುವ ಇಟ್ರ ಎರಡೂ ಕೆಡ್ತಾವ ರೀ" ಎಂದು ನಕ್ಕುಬಿಟ್ಟಳು. ಅವಳನ್ನು ನಗಿಸಿದೆನಲ್ಲ ಎಂದು ನಾನು ಇನ್ನೊಂದು ಸೌಟು ಸಾರು ಬಡಿಸಿದೆ.

ಅದರ ಮೇಲೆ ಇನ್ನೊಂದು ಸಂಕಟವಿತ್ತು. ಎಷ್ಟು ಸಣ್ಣ ಅಲೆಯನ್ನು ಯಂತ್ರ ಹಕ್ಕಿ ಎಂದು ಒಪ್ಪಬೇಕು ಎಂಬುದಕ್ಕೆ ಒಂದು ಮಿತಿ ಇರುತ್ತದೆ. ಗಿರಿಜೆ ಅದನ್ನು ಹೊಸ್ತಿಲು ಎನ್ನುತ್ತಿದ್ದಳು. ಹೊಸ್ತಿಲು ಎತ್ತರಿಸಿದರೆ ನಿಜವಾದ ಹಕ್ಕಿಯೂ ಹೊರಗೇ ಉಳಿಯುತ್ತದೆ. ತಗ್ಗಿಸಿದರೆ ಅಲ್ಲಾಡುವ ಹುಲ್ಲು, ಮಳೆಹನಿ, ಯಂತ್ರದ ಒಳಗಿನ ಗದ್ದಲ ಎಲ್ಲವೂ ಹಕ್ಕಿಯ ವೇಷ ಹಾಕಿ ನುಗ್ಗುತ್ತವೆ. ಮೊದಲ ಪರೀಕ್ಷೆಯಲ್ಲಿ ಹಾಗೇ ಆಯಿತು. ಪರದೆಯ ತುಂಬ ಚುಕ್ಕೆ. ನೋಡಲು ಬಂದಿದ್ದ ಅಧಿಕಾರಿ, "ಮ್ಯಾಡಮ್, ಏವಢೆ ಪಕ್ಷೀ ಪುಣ್ಯಾತ್ ನಾಹೀತ್ ಹೋ!" ಎಂದರಂತೆ. ಇಡೀ ಪುಣೆಯಲ್ಲಿ ಅಷ್ಟು ಹಕ್ಕಿಗಳಿಲ್ಲ ಎಂದು. ಎಲ್ಲರೂ ನಕ್ಕರಂತೆ. ಮನೆಗೆ ಬಂದು ಇದನ್ನು ಹೇಳುವಾಗ ಅವಳು ಮಾತ್ರ ನಗಲಿಲ್ಲ. ಇನ್ನೊಂದೇ ಅವಕಾಶ, ಅದೂ ಕೆಟ್ಟರೆ ಈ ಕೆಲಸ ನಿಲ್ಲಿಸುತ್ತೇವೆ ಎಂದು ಅವಳ ಮೇಲಧಿಕಾರಿ ಸಾಠೆ ಸಾಹೇಬರು ಹೇಳಿದ್ದರು.

ಆಮೇಲೆ ಅವಳಿಗೆ ಹೊಳೆದದ್ದು ಇಷ್ಟು. ಆ್ಯಂಟೆನಾ ಬೇಗನೇ ತಿರುಗಲಿ. ಗಟ್ಟಿ ಚುಕ್ಕೆ ಕಂಡರೆ ತಕ್ಷಣ ತೋರಿಸಿಬಿಡುವುದು. ಅನುಮಾನದ ಚುಕ್ಕೆಯನ್ನು ತೋರಿಸುವುದೂ ಬೇಡ, ಎಸೆಯುವುದೂ ಬೇಡ. ನೆನಪಿನಲ್ಲಿಟ್ಟುಕೊಂಡು ಮುಂದಿನ ಸುತ್ತುಗಳಲ್ಲಿ ಅದರ ಆಸುಪಾಸಿನಲ್ಲೇ ಮತ್ತೆ ಕಂಡರೆ ಆಗ ತೋರಿಸುವುದು. ಸುಳ್ಳು ಚುಕ್ಕೆ ಒಂದೇ ಕಡೆ ಮತ್ತೆ ಮತ್ತೆ ಬರುವುದು ಅಪರೂಪ, ಹಕ್ಕಿಯಾದರೆ ಬಂದೇ ಬರುತ್ತದೆ. ಕೇಳಿದಾಗ ನನಗೂ ಅರ್ಥವಾಯಿತು! ಆದರೆ ಆ ಕಾಲದ ಯಂತ್ರಗಳಿಗೆ ಅಷ್ಟೊಂದು ಚುಕ್ಕೆಗಳನ್ನು ನೆನಪಿಡುವ ಶಕ್ತಿ ಇರಲಿಲ್ಲ. "ಮೆಷಿನ್ನೇ ನಿಧಾನ ಆಗ್ತದ ಅಂತಾರ ಸಾಹೇಬರು" ಎಂದವಳು ಮೂರು ತಿಂಗಳು ಕುಳಿತು ಪ್ರೋಗ್ರಾಮಿನ ಒಂದೊಂದೇ ಸಾಲು ಕತ್ತರಿಸಿ, ಎಲ್ಲವನ್ನೂ ಆ ಪುಟ್ಟ ಜಾಗದಲ್ಲಿ ಹಿಡಿಸಿದಳು.

ಎರಡನೆಯ ಪರೀಕ್ಷೆ ಜೇಜುರಿ ದಾರಿಯ ಒಂದು ಬಯಲಿನಲ್ಲಿ. ಅಲ್ಲಿ ಊಟ ಸಿಗುವುದಿಲ್ಲವೆಂದು ಪಲಾವು, ಮೊಸರನ್ನ ಒಯ್ಯುವ ಭಾಗ್ಯ ನನಗೆ ಬಂತು. ಡಬ್ಬಿಗಳನ್ನು ಇಳಿಸಿ, ರೇಡಾರಿನ ವ್ಯಾನಿನ ಬಾಗಿಲಲ್ಲಿ ಸೌಟು ಹಿಡಿದುಕೊಂಡೇ ನಿಂತೆ. ಯಾರೂ ಹೋಗು ಎನ್ನಲಿಲ್ಲ. ಅದೇ ಅಧಿಕಾರಿ ಬಂದಿದ್ದರು. ದೂರದ ದಿಬ್ಬದ ಮೇಲೆ ಕಾಂಬಳೆ ಎಂಬವರು ದುರ್ಬೀನು ಹಿಡಿದು, ಕಂಡ ಹಕ್ಕಿಗಳನ್ನು ವಾಕಿಟಾಕಿಯಲ್ಲಿ ಹೇಳುತ್ತಿದ್ದರು.

ಬೆಳಗಿನಿಂದ ಎಲ್ಲ ಸರಿಯಾಗೇ ನಡೆದಿತ್ತು. ಊಟಕ್ಕೆ ಏಳಬೇಕು ಎನ್ನುವಾಗ ಪರದೆಯ ಮೇಲೆ, ಬಯಲಿನ ಆಚೆ ಅಂಚಿನಲ್ಲಿ, ಒಂದು ಚುಕ್ಕೆ ಮೂಡಿತು. ಸಾಠೆಯವರು ವಾಕಿಟಾಕಿಯಲ್ಲಿ ಕೇಳಿದರು.

"ತಿಕಡೇ ಕಾಹೀ ನಾಹೀ, ಸರ್" ಎಂದರು ಕಾಂಬಳೆ. ಅಲ್ಲಿ ಏನೂ ಇಲ್ಲ.

ಅಧಿಕಾರಿ ಪೆನ್ನು ತೆಗೆದರು. ಸಾಠೆಯವರು ತಗ್ಗಿದ ದನಿಯಲ್ಲಿ, "ಗಿರಿಜಾ, ಹೊಸ್ತಿಲು ಏರಿಸಿಬಿಡು" ಎಂದು ಮರಾಠಿಯಲ್ಲಿ ಹೇಳಿದರು. ನನ್ನ ಹೆಂಡತಿ ಮಾತಾಡಲಿಲ್ಲ. ಪರದೆಯಿಂದ ಕಣ್ಣು ಕೀಳಲೂ ಇಲ್ಲ. ಆ್ಯಂಟೆನಾ ಮತ್ತೊಂದು ಸುತ್ತು ಬಂತು. ಚುಕ್ಕೆ ಕೂದಲೆಳೆಯಷ್ಟು ಸರಿದು ಮತ್ತೆ ಮೂಡಿತು. ಇನ್ನೊಂದು ಸುತ್ತು. ಮತ್ತೆ ಮೂಡಿತು.

ಆಗ ವಾಕಿಟಾಕಿ ಕೂಗಿತು: "ಆಹೆ, ಆಹೆ ಸರ್! ಘಾರ ಆಹೆ! ಉನ್ಹಾತ್ ದಿಸಲೀ ನಾಹೀ!"

ಹದ್ದು! ಸೂರ್ಯನ ನೇರಕ್ಕೆ ಹಾರುತ್ತಿದ್ದುದರಿಂದ ಕಾಂಬಳೆಯವರ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ. ಅಧಿಕಾರಿ ಪೆನ್ನು ಜೇಬಿಗಿಟ್ಟು, ಎದ್ದು, ಗಿರಿಜೆಗೆ ಕೈ ಮುಗಿದರು. ನಾನು ಆ ದಿನ ಎಲ್ಲರಿಗೂ ಎಷ್ಟು ಪಲಾವು ಬಡಿಸಿದೆನೆಂದರೆ, ಮಧ್ಯಾಹ್ನದ ಮೇಲೆ ಯಾರೂ ಸರಿಯಾಗಿ ಕೆಲಸ ಮಾಡಲಿಲ್ಲ. ಹಿಂದಿರುಗುವಾಗ ವ್ಯಾನಿನಲ್ಲಿ ಜಾಗವಿದ್ದರೂ ಅವಳು ನನ್ನ ಟೆಂಪೋದಲ್ಲಿ, ಖಾಲಿ ಡಬ್ಬಿಗಳ ಸದ್ದಿನ ನಡುವೆ ಕುಳಿತು ಬಂದಳು. ಹಡಪ್ಸರದ ಸಿಗ್ನಲ್ಲಿನಲ್ಲಿ ಪಕ್ಕದ ರಿಕ್ಷಾದವನಿಗೆ, ಕೇಳದಿದ್ದರೂ, ಇವಳು ನನ್ನ ಹೆಂಡತಿ ಎಂದು ಹೇಳಿದೆ.

ಇಷ್ಟು ವರ್ಷ ಇದನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ಪ್ರತಿ ಸಲವೂ ಅವಳ ಧೈರ್ಯದ ಕತೆಯಾಗಿಯೇ. ಇಂದು ಬೆಳಿಗ್ಗೆ ಈ ಪುಟಗಳನ್ನು ಅವಳ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿದಳು.

"ಎಲ್ಲಾ ಖರೇನ ಬರದೀರಿ. ಒಂದು ತಪ್ಪದ" ಎಂದಳು. "ನಾ ಧೈರ್ಯದಿಂದ ಸುಮ್ನಿದ್ದಿಲ್ಲರೀ. ಬಾಯಿ ಒಣಗಿತ್ತು, ಮಾತೇ ಬರಲಿಲ್ಲ. ಅದು ಹದ್ದು ಹೌದೋ ಅಲ್ಲೋ ನನಗೂ ಗೊತ್ತಿರಲಿಲ್ಲ."

ಇಪ್ಪತ್ತು ವರ್ಷಕ್ಕೂ ಮೇಲೆ ಒಂದೇ ಮನೆಯಲ್ಲಿದ್ದು ನನಗೆ ಇದು ತಿಳಿದಿರಲಿಲ್ಲ.

"ನೀನು ಮಾತಾಡ್ಲಿಲ್ಲ ಅಂತ ಬರೆದ ಸಾಲು ತೆಗೆದುಬಿಡ್ಲಾ?"

"ಬ್ಯಾಡ. ಹೆದರಿದ್ದಳು ಅಂತನೂ ಬರೀರಿ" ಎಂದಳು ಗಿರಿಜೆ. "ಹೆದರಿದ್ದಳು, ಆದ್ರ ಹೊಸ್ತಿಲು ಏರಿಸಲಿಲ್ಲ ಅಂತ."

ಬರೆದಿದ್ದೇನೆ.