ಮೂವತ್ತೊಂದನೆಯ ಮರಿ

ಕಳೆದ ವಾರ ಮಸ್ಕಿಯ ಬಸ್ ನಿಲ್ದಾಣದಲ್ಲಿ ಯಾರೋ ಒಂದು ಗೋಣಿಚೀಲವನ್ನು ನನ್ನ ಸೀಟಿನ ಕೆಳಗೆ ತಳ್ಳಿ ಹಿಂದೆ ಹೋಗಿ ಕೂತರು. ಬಸ್ಸು ಸಿಂಧನೂರಿನ ರಸ್ತೆ ಹಿಡಿಯುವಷ್ಟರಲ್ಲಿ ವಾಸನೆ ಮೇಲೆ ಬಂತು. ಉಪ್ಪು ಹಚ್ಚಿದ ಹಸಿ ಚರ್ಮ. ಪಕ್ಕದವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಬಗ್ಗಿ ಕೂತು, ಅದರೊಳಗೆ ಹಾಲಿನ ವಾಸನೆಯೂ ಇದೆಯೇ ಎಂದು ಹುಡುಕುತ್ತಿದ್ದೆ…

ಇತ್ತು. ಅಥವಾ ನಾನೇ ಸೇರಿಸಿಕೊಂಡೆ. ಆಯಿಯ ಕುರಿಹಟ್ಟಿಯಲ್ಲಿ ಎರಡೂ ಬೆರೆತಿರುತ್ತಿದ್ದವು.

ಆಯಿ ನನ್ನ ಅಜ್ಜಿಯಲ್ಲ. ಗುರುಗುಂಟಾದ ಹೊರಗೆ ಇಪ್ಪತ್ತು ಕೆಂಗುರಿ ಸಾಕಿಕೊಂಡು ಸೊಸೆಯ ಜೊತೆ ಇದ್ದ ಮುದುಕಿ. ಊರೆಲ್ಲ ಆಯಿ ಅನ್ನುತ್ತಿತ್ತು, ನಾನೂ ಅಂದೆ. ಆಗ ನಾನು ಲಿಂಗಸುಗೂರು ಕಡೆಯ ಪಶುವೈದ್ಯ, ಕೆಲಸಕ್ಕೆ ಹೊಸಬ. ಅವಳಿ ಮರಿ ಹಾಕುವ ಗುಣ ಯಾವ ಕುರಿಯ ರಕ್ತದಲ್ಲಿದೆ ಎಂದು ಪರೀಕ್ಷೆ ಮಾಡಿಸಿ ತಳಿಗೆ ಟಗರು ಆರಿಸಿಕೊಡುತ್ತಿದ್ದೆ. ಕೆಂಗುರಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಆಯಿಯ ಹಿಂಡಿಗೆ ಹಿಂದೊಮ್ಮೆ ಹೊರಗಿನ ಟಗರೊಂದು ಬಂದು ಹೋಗಿತ್ತು. ಅದರ ಸಂತತಿಯ ಹೆಣ್ಣುಗಳು ಎರಡೆರಡು ಹಾಕುತ್ತಿದ್ದವು. ಆ ಗುಣ ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದ ಹೆಣ್ಣು ಎರಡು ಹಾಕುತ್ತದೆ, ಇಬ್ಬರಿಂದಲೂ ಬಂದದ್ದು ಮೂರು ಹಾಕಬಹುದು. ಎರಡೇ ಮೊಲೆ, ಒಣ ಹುಲ್ಲು. ಅಲ್ಲಿ ಮೂರು ಬದುಕುವುದಿಲ್ಲ, ತಾಯಿಯೂ ಸೊರಗುತ್ತದೆ. ಹಾಗಾಗಿ ಅವಳಿ ಹಾಕುವ ಕುರಿಗಳಿಗೆ ಆ ಗುಣವಿಲ್ಲದ ಟಗರನ್ನೇ ಬಿಡಬೇಕಿತ್ತು.

"ಎರಡು ಸಾಕಪಾ, ಮೂರು ಮಾತ್ರ ಬ್ಯಾಡ. ಈ ಹಿಂಡು ಬಿಟ್ರ ನಂಗೂ ನನ್ನ ಸೊಸಿಗೂ ಮತ್ತೇನೈತಿ?" ಎಂದಿದ್ದಳು ಆಯಿ.

ಆಯಿಗೆ ಪರೀಕ್ಷೆ ಬೇಕಿರಲಿಲ್ಲ. ಗಬ್ಬದ ಕುರಿಯ ಪಕ್ಕೆಗೆ ಅಂಗೈ ಇಟ್ಟು ಕಣ್ಣು ಮುಚ್ಚುವಳು. ಒಂದಾದರೆ ಒಂದು, ಎರಡಾದರೆ ಎರಡು ಅನ್ನುವಳು. ಮೂರು ಎಂಬ ಅಂಕಿ ಮಾತ್ರ ಅಲ್ಲಿ ಅವಳ ಬಾಯಿಂದ ಬರುತ್ತಿರಲಿಲ್ಲ. "ಎರಡು ಅದಾವ… ಹಿಂದ ಇನ್ನೊಬ್ಬ ನಿಂತಾನ" ಅನ್ನುವಳು. ಮರಿಗೆ ಯಾಕೆ ಇನ್ನೊಬ್ಬ ಅಂತೀ ಎಂದು ಕೇಳಿದ್ದೆನೆ? ಕೇಳಿದ್ದೆ ಅನ್ನಿಸುತ್ತದೆ. ನನ್ನ ಹೊಟ್ಟೆಗೆ ಬೆರಳಿನಿಂದ ತಿವಿದು, "ನಿನ್ನಾಗೂ ನೋಡ್ಲೇನು?" ಎಂದು ನಕ್ಕಿದ್ದಳು.

ಆ ಹಂಗಾಮಿನ ಮರಿಗಳ ಕೊರಳಿಗೆ ಅಂಕಿಯ ಬಿಲ್ಲೆ ಕಟ್ಟಿದೆ, ರಕ್ತ ತೆಗೆದೆ, ಯಾವ ತಾಯಿಯದು ಎಂದು ಪುಸ್ತಕದಲ್ಲಿ ಬರೆದೆ. ಮೂವತ್ತೊಂದು ಎಂದರೆ ಒಂಟಿ ಹುಟ್ಟಿದ ಗಂಡು ಮರಿ.

ವಾರದ ಮೇಲೆ ಮತ್ತೆ ಹೋದೆ. ಇಲ್ಲಿಂದ ನನ್ನ ನೆನಪನ್ನು ನಾನು ನಂಬುವುದಿಲ್ಲ. ಮಟಮಟ ಮಧ್ಯಾಹ್ನ. ಜಾಲಿಯ ನೆರಳಿನಲ್ಲಿ ಕುರಿಯೊಂದು ಮರಿಗೆ ಹಾಲು ಕೊಡುತ್ತಿತ್ತು. ಮರಿಗೆ ಎರಡು ಬಾಲ. ಒಂದು ಅಲ್ಲಾಡುತ್ತಿತ್ತು, ಇನ್ನೊಂದು ಜೋತುಬಿದ್ದಿತ್ತು. ಕೊರಳಲ್ಲಿ ಮೂವತ್ತೊಂದರ ಬಿಲ್ಲೆ. ಇದನ್ನು ಕಣ್ಣಾರೆ ಕಂಡೆನೆ, ಅಥವಾ ಆಮೇಲೆ ಕೇಳಿದ್ದನ್ನು ಆ ನೆರಳಿಗೆ ತಂದು ನಿಲ್ಲಿಸಿದೆನೆ? ಕಂಡಿದ್ದರೆ, "ಮೂವತ್ತೊಂದು, ಆರೋಗ್ಯ" ಎಂದು ಹೇಗೆ ಬರೆದೆ? ಬರೆದದ್ದಂತೂ ನಿಜ.

ಪರೀಕ್ಷೆಯ ಫಲಿತಾಂಶ ತಿಂಗಳುಗಟ್ಟಲೆ ತಡವಾಗಿ ಬಂತು. ಮೂವತ್ತೊಂದರ ರಕ್ತದಲ್ಲಿ ಅವಳಿಯ ಗುಣ ಇರಲಿಲ್ಲ. ನಮಗೆ ಬೇಕಾದ ಟಗರು ಅದೇ.

"ಇದನ್ನ ಇಟ್ಕೋ ಆಯಿ. ಉಳಿದ ಗಂಡು ಮಾರಿಬಿಡು" ಎಂದೆ.

"ಮೂವತ್ತೊಂದು ಸತ್ತಾನಪಾ."

ಮೂವತ್ತೊಂದು ನಮ್ಮಿಬ್ಬರ ನಡುವೆ ನಿಂತು ನನ್ನ ಚೀಲದ ಪಟ್ಟಿ ಅಗಿಯುತ್ತಿತ್ತು.

"ಇಲ್ಲೇ ನಿಂತೈತಲ್ಲ ಆಯಿ!"

"ನಿಂತಾನ. ಖರೆ, ಸತ್ತಾನ."

"ಹಂಗಾದ್ರ ಇದೇನು, ದೆವ್ವಾನಾ?"

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ಆಯಿ ನಗಲಿಲ್ಲ. ಸ್ವಲ್ಪ ಹೊತ್ತು ನನ್ನ ಪುಸ್ತಕವನ್ನೇ ನೋಡಿ, "ನೀ ಓದಿದಾವ. ನೀ ಅಂದಂಗ ಆಗ್ಲಿ" ಎಂದಳು.

ಎರಡು ವರ್ಷದ ಬಳಿಕ ಆ ಟಗರಿನ ಹೆಣ್ಣುಮರಿಗಳು ಬೆಳೆದು ಮೊದಲ ಸಲ ಗಬ್ಬವಾದವು. ಸೊಸೆ ಫೋನ್ ಮಾಡಿ ಕರೆಸಿದಳು. ಆಯಿ ಒಂದೊಂದರ ಪಕ್ಕೆಗೂ ಕೈಯಿಡುತ್ತಾ ಸಾಲಿನಲ್ಲಿ ನಡೆದಳು. "ಎರಡು… ಹಿಂದ ಒಬ್ಬ." ಮುಂದಿನದು. "ಎರಡು… ಹಿಂದ ಒಬ್ಬ." ಐದನೆಯದರ ಹತ್ತಿರ ಕೈ ತೆಗೆದು ನನ್ನತ್ತ ತಿರುಗಿದಳು.

"ಎಲ್ಲಾದರಾಗೂ ಅವನ ನಿಂತಾನ."

ಅವತ್ತು ಕೂತು ಕೇಳಿದೆ. ನಾನು ರಕ್ತ ತೆಗೆದ ಮೂರನೆಯ ದಿನ ಮೂವತ್ತೊಂದು ಸತ್ತಿತ್ತು. ಅದೇ ದಿನ ಅವಳಿ ಹಾಕುವ ಕುರಿಯೊಂದು ಮೂರು ಹಾಕಿ, ಮೂರನೆಯದನ್ನು ಒದ್ದು ಓಡಿಸುತ್ತಿತ್ತು. ಸತ್ತ ಮರಿಯ ಚರ್ಮವನ್ನು ಬಾಲಸಮೇತ ಸುಲಿದು ಅನಾಥ ಮರಿಗೆ ಹೊದಿಸಿದರೆ, ಮರಿ ಕಳೆದುಕೊಂಡ ತಾಯಿ ಮೂಸಿ ನೋಡಿ ತನ್ನದೇ ಎಂದು ಹಾಲು ಕೊಡುತ್ತದೆ. ಕೆಲವು ದಿನಕ್ಕೆ ಚರ್ಮ ತೆಗೆದರೂ ಬಿಡುವುದಿಲ್ಲ. ಆಯಿ ಹಾಗೇ ಮಾಡಿದ್ದಳು. "ಬಿಲ್ಲೆಗೂ ಆ ವಾಸನಿ ಹತ್ತಿತ್ತು. ಅದಕ್ಕ ಅದನ್ನೂ ಇವನ ಕೊರಳಿಗೆ ಕಟ್ಟಿದ್ನಿ."

ಸತ್ತ ಮರಿಯ ರಕ್ತ ನೋಡಿ ನಾನು ಬದುಕಿದ್ದ ಮರಿಯನ್ನು ಆರಿಸಿದ್ದೆ. ಬದುಕಿದ್ದದ್ದು ತಂದೆ ತಾಯಿ ಇಬ್ಬರಿಂದಲೂ ಆ ಗುಣ ಪಡೆದು ಹುಟ್ಟಿತ್ತು, ತನ್ನ ಹೆಣ್ಣುಮರಿಗಳಿಗೆಲ್ಲ ಅದನ್ನು ದಾಟಿಸಿತ್ತು.

ಮರಿಗಳು ಮೂರು ಮೂರು ಬಂದವು. ಹಾಲಿಲ್ಲದೆ ಸತ್ತವು. ತಾಯಿಗಳೂ ಬಿದ್ದವು. ಆಯಿ ಸುಲಿದು ಹೊದಿಸುತ್ತಲೇ ಇದ್ದಳು. ಹೊದ್ದವೂ ಸತ್ತವು, ಅವುಗಳದ್ದು ಇನ್ನೊಂದರ ಮೈಗೆ… ಕೊನೆಗೆ ಯಾವ ತಾಯಿಗೂ ಯಾವ ಮರಿಯ ಗುರುತೂ ಉಳಿಯಲಿಲ್ಲ. ಹಟ್ಟಿಯ ತುಂಬ ಮೂಸುತ್ತಾ ಸುತ್ತುತ್ತಿದ್ದವು. ಒಂದೂ ಕೂಗುತ್ತಿರಲಿಲ್ಲ. ವರದಿಯಲ್ಲಿ ನಾನು ಕಾರಣ ಬರೆದೆ: ಮೇವಿನ ಕೊರತೆ. ಆಮೇಲೆ ಸಿಂಧನೂರಿಗೆ ವರ್ಗವಾಯಿತು. ಹಿಂದಿರುಗಿ ನೋಡಲು ಹೋಗಲಿಲ್ಲ.

ಆ ಬಸ್ಸಿನಿಂದ ಇಳಿದ ಮರುದಿನ ವಳಕಮದಿನ್ನಿಗೆ ಹೋದೆ. ಸೊಸೆ ಈಗ ಅಲ್ಲಿ ಭತ್ತದ ಗದ್ದೆಗಳಿಗೆ ಕೂಲಿಗೆ ಹೋಗುತ್ತಾಳೆಂದು ಯಾರೋ ಹೇಳಿದ್ದರು. ಕಾಲುವೆಯ ದಂಡೆಯಲ್ಲಿ ಕಾಲಿನ ಕೆಸರು ತೊಳೆಯುತ್ತಿದ್ದಳು. ಕುರಿ ಒಂದೂ ಉಳಿದಿಲ್ಲ ಎಂದಳು. ಆಯಿ ಹೋಗಿ ಎರಡು ಮಳೆಗಾಲ ಆಯಿತಂತೆ.

"ಕಡೀಕ ಏನರ ಅಂದ್ಲೇನವ್ವ?"

"ದಿನಾ ಒಂದ ಕೇಳ್ತಿದ್ಲರಿ. ಮೂವತ್ತೊಂದು ಸತ್ತಾನಂತ ಆ ಡಾಕ್ಟ್ರಪ್ಪ ಬರಕೊಂಡಾನೇನು, ಅಂತ. ಬರಕೊಂಡಾರ ಅತ್ತಿ, ಮಕ್ಕೋ, ಅಂತಿದ್ನಿ." ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಮುಖ ನೋಡಿದಳು. "ಬರಕೊಂಡೀರಲ್ರಿ?"

"ಬರಕೊಂಡೀನವ್ವ" ಎಂದೆ.

ಅವಳು ತಲೆಯಾಡಿಸಿ ಬುತ್ತಿಯ ಗಂಟು ಎತ್ತಿಕೊಂಡು ಹೋದಳು. ಇವತ್ತು ಲಿಂಗಸುಗೂರಿಗೆ ಫೋನ್ ಮಾಡಿ ಹಳೆಯ ಪುಸ್ತಕ ಕೇಳಿದೆ. ಹಳೆಯದನ್ನೆಲ್ಲ ಹೋದ ವರ್ಷವೇ ಸುಟ್ಟರಂತೆ. ಬರೆಯಲು ಈಗ ಪುಸ್ತಕವಿಲ್ಲ. ಬರೆದೆನೇ ಎಂದು ಕೇಳಲು ಆಯಿಯೂ ಇಲ್ಲ.